ಅಲೆ ಯಾರದು, ಗೋಡೆ ಯಾರದು?

ಪ್ರಕೃತಿ ವಿಕೋಪದ ಸುದ್ದಿ ಬಂದಾಗಲೆಲ್ಲ ನಮ್ಮ ನಾಲಿಗೆಗೆ ಮೊದಲು ಬರುವ ಮಾತು, "ಎಲ್ಲ ದೇವರ ಚಿತ್ತ". ಸಾವಿನ ಮನೆಯಲ್ಲಿ ಈ ಮಾತಿಗೆ ಒಂದು ಸ್ಥಾನವಿದೆ. ಬೇರೇನೂ ಹೇಳಲು ತೋಚದಿದ್ದಾಗ ಅದು ಒಂದು ಊರುಗೋಲು. ಆದರೆ ಅದೇ ಮಾತನ್ನು ಸಲ್ಲದ ಜಾಗದಲ್ಲಿ ಆಡಿದರೆ, ಮನುಷ್ಯ ಮಾಡಿದ್ದನ್ನು ಮತ್ತು ಮಾಡದೆ ಬಿಟ್ಟದ್ದನ್ನು ದೇವರ ಲೆಕ್ಕಕ್ಕೆ ಬರೆದಂತಾಗುತ್ತದೆ. ಅದು ಭಕ್ತಿಯಲ್ಲ, ಭಕ್ತಿಯ ವೇಷ ತೊಟ್ಟ ಉದಾಸೀನ.

ಪ್ರಿಯ ಓದುಗರೇ, ಈ ವಾರ ನಿಮ್ಮೊಡನೆ ವಿಚಾರ ಮಾಡಬೇಕೆಂದಿರುವ ಪ್ರಶ್ನೆ ಇದು: ಭೂಮಿ ನಡುಗಿ, ಸಮುದ್ರ ಉಕ್ಕಿ, ಅಣುವಿದ್ಯುತ್ ಸ್ಥಾವರವೊಂದು ಕೆಟ್ಟು ಜನ ಊರು ಬಿಡಬೇಕಾಗಿ ಬಂದರೆ, ಅದರಲ್ಲಿ ಪ್ರಕೃತಿಯ ಪಾಲೆಷ್ಟು, ಮನುಷ್ಯನ ಪಾಲೆಷ್ಟು? ಇದನ್ನು ಬಿಡಿಸಿ ನೋಡದೆ ಅಣುಶಕ್ತಿ ಬೇಕೋ ಬೇಡವೋ ಎಂದು ಜಗಳಾಡುವುದರಲ್ಲಿ ಅರ್ಥವಿಲ್ಲ.

ಹಳೆಯ ಪ್ರಶ್ನೆ

1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ ಭಾರೀ ಭೂಕಂಪವಾಯಿತು. ಜನ ಬಲಿಪೂಜೆಗೆ ಸೇರಿದ್ದ ಹೊತ್ತು. ದೇವಾಲಯಗಳು ಕುಸಿದವು. ಬಳಿಕ ಸಮುದ್ರ ಏರಿ ಬಂತು. ಉಳಿದದ್ದನ್ನು ಬೆಂಕಿ ತಿಂದಿತು. ಇದು ಪಾಪಕ್ಕೆ ಶಿಕ್ಷೆ ಎಂದು ಬೋಧಿಸಿದವರು ಕೆಲವರು. ದೇವರು ಒಳ್ಳೆಯವನೆಂದು ಇನ್ನು ಹೇಗೆ ಹೇಳುವುದು ಎಂದು ಕೇಳಿದವನು ಫ್ರಾನ್ಸಿನ ವೋಲ್ಟೇರ್. ಮರುವರ್ಷ ರೂಸೋ ಅವನಿಗೆ ಒಂದು ಪತ್ರ ಬರೆದ. ಅದರಲ್ಲಿನ ಒಂದು ವಿಚಾರ ಸರಳವಾದದ್ದು: ಆರೇಳು ಅಂತಸ್ತಿನ ಇಪ್ಪತ್ತು ಸಾವಿರ ಮನೆಗಳನ್ನು ಅಲ್ಲಿ ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲ.

ರೂಸೋ ಹೇಳಿದ್ದೆಲ್ಲವನ್ನೂ ನಾವು ಒಪ್ಪಬೇಕಾಗಿಲ್ಲ. ಆದರೆ ಈ ಮಾತು ನಿಲ್ಲುವಂಥದು. ನಮ್ಮ ತತ್ವಶಾಸ್ತ್ರದ ಪಾಠಗಳಲ್ಲಿ ಕೇಡನ್ನು ಎರಡಾಗಿ ವಿಂಗಡಿಸುತ್ತಾರೆ: ಪ್ರಾಕೃತಿಕ ಕೇಡು, ನೈತಿಕ ಕೇಡು. ಭೂಕಂಪ ಮೊದಲನೆಯದು, ಕೊಲೆ ಎರಡನೆಯದು. ಪುಸ್ತಕದಲ್ಲಿ ಇವೆರಡರ ನಡುವೆ ಗೆರೆ ಸ್ಪಷ್ಟ. ಬದುಕಿನಲ್ಲಿ ಅವು ಹೆಣೆದುಕೊಂಡೇ ಬರುತ್ತವೆ. ಭೂಕಂಪ ತಾನಾಗಿ ಕೊಲ್ಲುವುದು ಕಡಿಮೆ. ಕೊಲ್ಲುವುದು ಹೆಚ್ಚಾಗಿ ಕುಸಿಯುವ ಛಾವಣಿ.

ಯೇಸುಸ್ವಾಮಿಯ ಮುಂದೆಯೂ ಇಂಥದೇ ಒಂದು ಸುದ್ದಿ ಚರ್ಚೆಗೆ ಬಂದಿತ್ತು. ಸಿಲೋವಾಮಿನ ಗೋಪುರ ಬಿದ್ದು ಹದಿನೆಂಟು ಜನ ಸತ್ತಿದ್ದರು. ಸಂತ ಲೂಕನ ಶುಭಸಂದೇಶದ 13ನೇ ಅಧ್ಯಾಯವನ್ನು ತೆರೆದು ನೋಡಿ. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರು ಎಂಬ ಎಣಿಕೆಯನ್ನು ಸ್ವಾಮಿ ನೇರವಾಗಿ ತಳ್ಳಿಹಾಕುತ್ತಾರೆ. ಕೂಡಲೇ ಕೇಳುಗರ ಕಡೆಗೆ ತಿರುಗಿ, ನೀವು ಬದಲಾಗಿರಿ ಎನ್ನುತ್ತಾರೆ. ದುರಂತದ ಮುಂದೆ ನಿಂತ ಕ್ರೈಸ್ತನಿಗೆ ಇದೇ ಸರಿಯಾದ ಕ್ರಮ. ಸತ್ತವರ ಪಾಪವನ್ನು ಎಣಿಸಬೇಡ, ಬದುಕಿರುವ ನಿನ್ನ ಹೊಣೆಯನ್ನು ಎಣಿಸು.

ಒಂದು ಕಡಲು, ಎರಡು ಸ್ಥಾವರ

2011ರ ಮಾರ್ಚ್ 11ರ ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಜಪಾನಿನ ಪೂರ್ವ ಕರಾವಳಿಯಾಚೆ 9.0 ತೀವ್ರತೆಯ ಭೂಕಂಪವಾಯಿತು. ಅದು ಎಬ್ಬಿಸಿದ ಸುನಾಮಿಗೆ ಸಿಕ್ಕಿ ಸತ್ತವರು ಮತ್ತು ಕಾಣೆಯಾದವರು 18,000ಕ್ಕೂ ಹೆಚ್ಚು. ಆ ಕರಾವಳಿಯ ಫುಕುಶಿಮಾ ದಾಯಿಚಿ ಅಣುವಿದ್ಯುತ್ ಸ್ಥಾವರದಲ್ಲಿ ಆರು ರಿಯಾಕ್ಟರುಗಳಿದ್ದವು. ಆ ಹೊತ್ತಿನಲ್ಲಿ ಮೂರು ನಡೆಯುತ್ತಿದ್ದವು. ನೆಲ ನಡುಗಿದೊಡನೆ ಮೂರೂ ತಾವಾಗಿಯೇ ನಿಂತವು. ಅಲ್ಲಿಯವರೆಗೆ ಯಂತ್ರಗಳು ತಮ್ಮ ಕರ್ತವ್ಯ ಮಾಡಿದವು.

ಆದರೆ ರಿಯಾಕ್ಟರನ್ನು ನಿಲ್ಲಿಸುವುದೆಂದರೆ ದೀಪ ಆರಿಸಿದಂತಲ್ಲ. ಒಲೆಯಿಂದ ಸೌದೆ ಎಳೆದ ಮೇಲೂ ಕೆಂಡದ ಕಾವು ಉಳಿಯುವಂತೆ, ನಿಂತ ಕೂಡಲೇ ಇಂಧನದಲ್ಲಿ ಪೂರ್ಣ ಶಾಖದ ನೂರರಲ್ಲಿ ಆರೇಳು ಪಾಲು ಉಳಿದಿರುತ್ತದೆ. ಅದು ಇಳಿಯುತ್ತಾ ಹೋದರೂ ಬಹುಕಾಲ ನೀರು ಹಾಯಿಸಿ ತಣಿಸುತ್ತಲೇ ಇರಬೇಕು. ನೀರೆತ್ತಲು ಪಂಪು ಬೇಕು, ಪಂಪಿಗೆ ವಿದ್ಯುತ್ ಬೇಕು. ಹೊರಗಿನ ವಿದ್ಯುತ್ ಭೂಕಂಪಕ್ಕೆ ಕಡಿದುಹೋಗಿತ್ತು. ಡೀಸೆಲ್ ಜನರೇಟರುಗಳು ಓಡತೊಡಗಿದವು. ಸುಮಾರು 50 ನಿಮಿಷಗಳ ಬಳಿಕ ದೊಡ್ಡ ಅಲೆ ಬಂತು, 14-15 ಮೀಟರ್ ಎತ್ತರಕ್ಕೆ. ಸ್ಥಾವರವನ್ನು ಸಜ್ಜುಗೊಳಿಸಿದ್ದು 5.7 ಮೀಟರ್ ಅಲೆಗೆ. ಜನರೇಟರುಗಳಲ್ಲಿ ಹೆಚ್ಚಿನವು ಇದ್ದದ್ದು ನೆಲಮಾಳಿಗೆಯಲ್ಲಿ. ಅವು ಮುಳುಗಿದವು. ಮುಂದಿನ ದಿನಗಳಲ್ಲಿ ಮೂರು ರಿಯಾಕ್ಟರುಗಳ ಇಂಧನ ಕರಗಿತು, ಜಲಜನಕ ಸೇರಿ ಕಟ್ಟಡಗಳು ಸಿಡಿದವು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು.

ಈಗ ಇದೇ ಕಡಲಿನ ಇನ್ನೊಂದು ಸ್ಥಾವರವನ್ನು ನೋಡಿ. ಅದರ ಹೆಸರು ಒನಗಾವಾ. ಭೂಕಂಪದ ಕೇಂದ್ರಕ್ಕೆ ಅದು ಫುಕುಶಿಮಾಕ್ಕಿಂತ ಹತ್ತಿರ. ಅಲ್ಲಿಗೆ ಬಂದ ಅಲೆಯೂ ಸುಮಾರು 13 ಮೀಟರ್. ಆದರೆ ಅದು ನಿಂತಿದ್ದ ನೆಲ 14.8 ಮೀಟರ್ ಎತ್ತರದಲ್ಲಿತ್ತು. ಭೂಕಂಪಕ್ಕೆ ಆ ನೆಲವೇ ಒಂದು ಮೀಟರ್ ಕುಸಿದರೂ ಅಲೆ ಮೇಲೇರಲಿಲ್ಲ. ಸ್ಥಾವರ ಸುರಕ್ಷಿತವಾಗಿ ನಿಂತಿತು. ಮನೆ ಕೊಚ್ಚಿಹೋದ ಊರಿನವರು ಮುನ್ನೂರಕ್ಕೂ ಹೆಚ್ಚು ಜನ ಆಶ್ರಯ ಪಡೆದದ್ದು ಅದೇ ಸ್ಥಾವರದ ವ್ಯಾಯಾಮಶಾಲೆಯಲ್ಲಿ.

ಈ ಎತ್ತರ ಆಕಸ್ಮಿಕವಲ್ಲ. ಸ್ಥಾವರದ ಯೋಜನೆ ನಡೆಯುತ್ತಿದ್ದಾಗ ಯಾನೊಸುಕೆ ಹಿರಾಯಿ ಎಂಬ ಇಂಜಿನಿಯರ್ ಹಟ ಹಿಡಿದಿದ್ದರು. ಕ್ರಿ.ಶ. 869ರಲ್ಲಿ ಆ ಕರಾವಳಿಯನ್ನು ಬಡಿದ ಜೋಗನ್ ಎಂಬ ಮಹಾ ಸುನಾಮಿಯನ್ನು ಅವರು ಮರೆತಿರಲಿಲ್ಲ. ಇಷ್ಟೆಲ್ಲ ಖರ್ಚು ಏಕೆ ಎಂಬ ಆಕ್ಷೇಪಣೆಗೆ ಅವರು ಮಣಿಯಲಿಲ್ಲ. 1986ರಲ್ಲಿ ಅವರು ತೀರಿಕೊಂಡರು. ಕಾಲು ಶತಮಾನದ ನಂತರ ಬಂದ ಅಲೆ ಅವರ ಹಟವನ್ನು ಸಮರ್ಥಿಸಿತು.

ಫುಕುಶಿಮಾದಲ್ಲಿ ಮಾತ್ರ ಮೂಲತಃ 35 ಮೀಟರ್ ಎತ್ತರವಿದ್ದ ದಿಬ್ಬವನ್ನು ಕಡಿದು ಸುಮಾರು 10 ಮೀಟರಿಗೆ ಇಳಿಸಿ ಸ್ಥಾವರ ಕಟ್ಟಿದ್ದರು. ಅದಕ್ಕೆ ಕಾರಣಗಳಿದ್ದವು: ಗಟ್ಟಿ ಬಂಡೆಯ ಮೇಲೆ ಅಡಿಪಾಯ ಸಿಗುತ್ತದೆ, ಕಡಲಿನ ನೀರೆತ್ತುವುದು ಅಗ್ಗವಾಗುತ್ತದೆ. 15.7 ಮೀಟರ್ ಎತ್ತರದ ಅಲೆ ಬರಬಹುದೆಂಬ ಲೆಕ್ಕ 2008ರಲ್ಲಿ ಕಂಪನಿಯ ಒಳಗೇ ಸಿದ್ಧವಾಗಿತ್ತು. ಇನ್ನಷ್ಟು ಅಧ್ಯಯನವಾಗಲಿ ಎಂದು ಅದನ್ನು ಮುಂದೂಡಲಾಯಿತು. ಜಪಾನಿನ ಸಂಸತ್ತು ನೇಮಿಸಿದ, ಕಿಯೋಶಿ ಕುರೊಕಾವಾ ಅಧ್ಯಕ್ಷತೆಯ ತನಿಖಾ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಇದು ಮಾನವನಿರ್ಮಿತ ದುರಂತ ಎಂಬುದೇ ಅದರ ತೀರ್ಮಾನ.

ಆದರೆ ಕಂಪನಿಯ ಮಾಜಿ ಅಧಿಕಾರಿಗಳ ಮೇಲಿನ ಕ್ರಿಮಿನಲ್ ಮೊಕದ್ದಮೆ ಖುಲಾಸೆಯಲ್ಲಿ ಮುಗಿಯಿತು. ಜಪಾನಿನ ಸರ್ವೋಚ್ಚ ನ್ಯಾಯಾಲಯ 2025ರಲ್ಲಿ ಅದನ್ನೇ ಎತ್ತಿಹಿಡಿಯಿತು. ಇದರಲ್ಲಿ ಆಶ್ಚರ್ಯವಿಲ್ಲ. ಒಬ್ಬ ಮನುಷ್ಯನನ್ನು ಸೆರೆಮನೆಗೆ ಕಳಿಸುವ ಮೊದಲು ಕಾನೂನು ಬಲವಾದ ಪುರಾವೆ ಕೇಳಬೇಕು, ಕೇಳುತ್ತದೆ. ಮನಸ್ಸಾಕ್ಷಿ ಕೇಳುವ ಪ್ರಶ್ನೆಯೇ ಬೇರೆ: ನಿನಗೆ ಗೊತ್ತಾದಾಗ ನೀನೇನು ಮಾಡಿದೆ? ಪ್ರತಿ ಬಲಿಪೂಜೆಯ ಆರಂಭದಲ್ಲಿ ನಾವು ಕ್ಷಮೆ ಬೇಡುವುದು ಆಲೋಚನೆ, ಮಾತು, ಕೃತ್ಯಗಳಿಗೆ ಮಾತ್ರವಲ್ಲ, ಕರ್ತವ್ಯಲೋಪಕ್ಕೂ. ಆ ನಾಲ್ಕನೆಯದನ್ನು ನಾವು ಬೇಗಬೇಗ ಹೇಳಿ ಮುಗಿಸುತ್ತೇವೆ. ದೊಡ್ಡ ದುರಂತಗಳು ಅಡಗಿ ಕೂರುವುದು ಅಲ್ಲಿಯೇ.

ವಿವೇಕ ಎಂಬ ಸದ್ಗುಣ

ಮೋಶೆಯ ಧರ್ಮಶಾಸ್ತ್ರದಲ್ಲಿ ಒಂದು ಪುಟ್ಟ ಕಟ್ಟಳೆಯಿದೆ. ಧರ್ಮೋಪದೇಶಕಾಂಡದ 22ನೇ ಅಧ್ಯಾಯದ 8ನೇ ವಚನ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಸಣ್ಣ ಗೋಡೆ ಕಟ್ಟಬೇಕು; ಇಲ್ಲದಿದ್ದರೆ ಯಾರಾದರೂ ಬಿದ್ದು ಸತ್ತಾಗ ಆ ರಕ್ತದ ಹೊಣೆ ಮನೆಯ ಮೇಲೆ ಬರುತ್ತದೆ ಎಂಬುದು ಅದರ ತಾತ್ಪರ್ಯ. ಗಮನಿಸಿ: ಬೀಳಿಸುವುದು ಭೂಮಿಯ ಸೆಳೆತ, ಎಡವಿದ್ದು ಬಿದ್ದವನ ಕಾಲು. ಆದರೂ ಹೊಣೆ ಗೋಡೆ ಕಟ್ಟದವನದು. ನಿನ್ನ ಮಾಳಿಗೆಯ ಮೇಲೆ ಬರುವವನು ಎಡವಬಹುದು ಎಂದು ಮೊದಲೇ ನೆನೆಯುವುದು ನಿನ್ನ ಕೆಲಸ. ಅಣುಸ್ಥಾವರದ ಸುರಕ್ಷತೆಯ ನೀತಿಯೆಲ್ಲ ಈ ಒಂದು ವಚನದಲ್ಲಿ ಅಡಗಿದೆ.

ಸಂತ ತೋಮಸ್ ಅಕ್ವಿನಾಸ್ ವಿವೇಕವೆಂಬ ಸದ್ಗುಣವನ್ನು ಎಂಟು ಅಂಗಗಳಾಗಿ ಬಿಡಿಸಿ ತೋರಿಸುತ್ತಾರೆ. ಅವುಗಳಲ್ಲಿ ನಾಲ್ಕು ಇಲ್ಲಿ ನಮಗೆ ಬೇಕು: ನೆನಪು, ಇತರರಿಂದ ಕಲಿಯುವ ವಿಧೇಯತೆ, ಮುಂದಾಲೋಚನೆ, ಎಚ್ಚರಿಕೆ. ಲತೀನ್ ಭಾಷೆಯಲ್ಲಿ ಮನುಷ್ಯನ ಮುಂದಾಲೋಚನೆಗೂ ದೇವರ ಪರಿಪಾಲನೆಗೂ ಒಂದೇ ಪದ. ಹಾಗಾದರೆ ಮುಂದಾಲೋಚನೆ ಮಾಡುವವನು ದೇವರ ಮೇಲೆ ಅಪನಂಬಿಕೆ ತೋರುವವನಲ್ಲ. ಆತನ ಪರಿಪಾಲನೆಯಲ್ಲಿ ತನ್ನ ಪಾಲಿನ ಕೆಲಸ ಮಾಡುವವನು.

ನೆನಪಿಗೆ ಒಂದು ನಿದರ್ಶನ ಕೊಡುತ್ತೇನೆ. ಜಪಾನಿನ ಅನೆಯೋಶಿ ಎಂಬ ಸಣ್ಣ ಊರಿನಲ್ಲಿ, 1933ರ ಸುನಾಮಿಯ ಬಳಿಕ ಹಿರಿಯರು ಒಂದು ಕಲ್ಲು ನೆಟ್ಟರು. ಈ ಕಲ್ಲಿನಿಂದ ಕೆಳಗೆ ಮನೆ ಕಟ್ಟಬೇಡಿ ಎಂಬುದು ಅದರ ಮೇಲಿನ ಬರಹದ ಸಾರ. ಮೊಮ್ಮಕ್ಕಳು ಆ ಮಾತನ್ನು ಮೀರಲಿಲ್ಲ. 2011ರ ಅಲೆ ಕಲ್ಲಿಗೆ ಸುಮಾರು ನೂರು ಮೀಟರ್ ಈಚೆಯೇ ನಿಂತಿತು. ಕಂಪ್ಯೂಟರಿನ ಲೆಕ್ಕ ಮಾಡದ ಉಪಕಾರವನ್ನು ಒಂದು ಕಲ್ಲು ಮಾಡಿತು. ಕಾರಣ, ಕಲ್ಲಿನ ಮಾತನ್ನು ಕೇಳುವವರಿದ್ದರು.

ಮುಂದಾಲೋಚನೆಯ ವಿಷಯದಲ್ಲಿ ನಾವು ಮೋಸಹೋಗುವುದು ಅಂಕಿಗಳಿಂದ. ಸಾವಿರ ವರ್ಷಕ್ಕೊಮ್ಮೆ ಬರುವ ಅಲೆ ಎಂದರೆ ನಮಗೆ ನಿಶ್ಚಿಂತೆ. ಆದರೆ 40 ವರ್ಷ ನಡೆಯುವ ಸ್ಥಾವರದ ಆಯುಷ್ಯದಲ್ಲಿ ಅಂಥ ಅಲೆ ಬರುವ ಸಂಭವ ಸುಮಾರು ಇಪ್ಪತ್ತೈದರಲ್ಲಿ ಒಂದು. ಇಪ್ಪತ್ತೈದು ಬಸ್ಸುಗಳಲ್ಲಿ ಒಂದು ಕಣಿವೆಗೆ ಬೀಳುತ್ತದೆಂದು ಗೊತ್ತಿದ್ದರೆ ನಿಮ್ಮ ಮಗಳನ್ನು ಬಸ್ಸಿಗೆ ಹತ್ತಿಸುವಿರಾ?

ತಕ್ಕಡಿಯ ಇನ್ನೊಂದು ತಟ್ಟೆ

ಇಷ್ಟು ಓದಿದವರು, ಹಾಗಾದರೆ ಅಣುಸ್ಥಾವರಗಳನ್ನೆಲ್ಲ ಮುಚ್ಚಿಬಿಡುವುದೇ ಸರಿ ಎನ್ನಬಹುದು. ಅವಸರ ಬೇಡ. ಸತ್ಯದ ತಕ್ಕಡಿಗೆ ಎರಡು ತಟ್ಟೆಗಳಿವೆ.

ಫುಕುಶಿಮಾದ ವಿಕಿರಣದಿಂದ ಎಷ್ಟು ಜನ ಸತ್ತರು? ಅಲ್ಲಿ ದುಡಿದ ಒಬ್ಬ ಕೆಲಸಗಾರ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತದ್ದಕ್ಕೆ ವಿಕಿರಣ ಸಂಬಂಧವೆಂದು ಜಪಾನ್ ಸರಕಾರ 2018ರಲ್ಲಿ ಒಪ್ಪಿಕೊಂಡಿತು. ಸುತ್ತಲಿನ ಜನರಲ್ಲಿ ನೇರವಾಗಿ ವಿಕಿರಣದಿಂದಲೇ ಆದದ್ದೆನ್ನಬಹುದಾದ ರೋಗ ಕಂಡುಬಂದಿಲ್ಲವೆಂದು ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿ ವರದಿ ಮಾಡಿತು. ಆದರೆ ಫುಕುಶಿಮಾ ಪ್ರಾಂತದಲ್ಲಿ ಸ್ಥಳಾಂತರ, ಚಿಕಿತ್ಸೆಯ ಅಭಾವ, ಮನೋವ್ಯಥೆ ಮುಂತಾದ ದುರಂತ ಸಂಬಂಧಿ ಕಾರಣಗಳಿಂದ ಸತ್ತವರೆಂದು ದಾಖಲಾದವರು 2,300ಕ್ಕೂ ಹೆಚ್ಚು. ಇವರಲ್ಲಿ ಬಹುಪಾಲು ವೃದ್ಧರು. ಸಮೀಪದ ಒಂದು ಆಸ್ಪತ್ರೆಯಿಂದ ಹಾಸಿಗೆ ಹಿಡಿದ ರೋಗಿಗಳನ್ನು ಗಡಿಬಿಡಿಯಲ್ಲಿ ಸಾಗಿಸುವಾಗ ಹತ್ತಾರು ಜನ ತೀರಿಕೊಂಡರು. ವಿಷ ಮಾತ್ರ ಕೊಲ್ಲುವುದಲ್ಲ. ಸಿದ್ಧತೆಯಿಲ್ಲದ ಭಯವೂ ಕೊಲ್ಲುತ್ತದೆ.

ಅಣುವನ್ನು ಬಿಟ್ಟರೆ ಉಳಿದ ದಾರಿಗಳು ನಿರಪರಾಧಿಗಳೇ? 1975ರ ಡಿಸೆಂಬರಿನಲ್ಲಿ ಚಾಸ್ನಾಲಾ ಕಲ್ಲಿದ್ದಲ ಗಣಿಗೆ ನೀರು ನುಗ್ಗಿ ಸುಮಾರು 375 ಜನ ಸತ್ತರು. ಕಲ್ಲಿದ್ದಲು ಸುಟ್ಟ ಹೊಗೆ ಸದ್ದಿಲ್ಲದೆ ಶ್ವಾಸಕೋಶ ಸೇರುತ್ತದೆ, ಭೂಮಿಯ ಕಾವನ್ನು ಏರಿಸುತ್ತದೆ. ನಮ್ಮ ನಾಡಿಗೆ ಬೆಳಕು ಕೊಟ್ಟ ಶರಾವತಿಯ ಹಿನ್ನೀರಿನ ಅಡಿಯಲ್ಲಿ ಎಷ್ಟು ಮನೆಗಳ ತುಳಸಿಕಟ್ಟೆಗಳಿವೆ! ಸ್ವಿಚ್ಚು ಒತ್ತುವ ನಾವು ಯಾರೂ ಈ ಲೆಕ್ಕದಿಂದ ಹೊರಗಿಲ್ಲ. ಬೇಡ ಎನ್ನುವುದಕ್ಕೂ ಒಂದು ಬೆಲೆಯಿದೆ. ಅದನ್ನು ಯಾರು ತೆರುತ್ತಾರೆಂದು ಕೇಳದೆ ಬೇಡ ಎನ್ನುವುದೂ ವಿವೇಕವಲ್ಲ.

ಧರ್ಮಸಭೆಯೊಳಗೂ ಇಲ್ಲಿ ಒಂದೇ ದನಿಯಿಲ್ಲ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 1957ರಲ್ಲಿ ಹುಟ್ಟಿದಾಗ ಪವಿತ್ರ ಪೀಠ ಅದರ ಸ್ಥಾಪಕ ಸದಸ್ಯ. ಅಣುವಿನ ಶಾಂತಿಯುತ ಬಳಕೆಯನ್ನು ಅದು ಪಾಪವೆಂದು ಕರೆಯಲಿಲ್ಲ. ದುರಂತವನ್ನು ಕಣ್ಣಾರೆ ಕಂಡ ಜಪಾನಿನ ಧರ್ಮಾಧ್ಯಕ್ಷರಾದರೋ, ದೇಶದ ಅಣುವಿದ್ಯುತ್ ಸ್ಥಾವರಗಳನ್ನು ಕೂಡಲೇ ನಿಲ್ಲಿಸಬೇಕೆಂದು 2011ರ ನವೆಂಬರಿನಲ್ಲಿ ಕರೆ ಕೊಟ್ಟರು. ಜಗದ್ಗುರು ಫ್ರಾನ್ಸಿಸ್‍ರವರು 2019ರಲ್ಲಿ ಜಪಾನಿಗೆ ಭೇಟಿಯಿತ್ತು ಸಂತ್ರಸ್ತರನ್ನು ಕಂಡರು. ಸಂಪೂರ್ಣ ಸುರಕ್ಷತೆ ದೊರೆಯುವವರೆಗೆ ತಾವಾದರೆ ಅಣುಶಕ್ತಿಯನ್ನು ಬಳಸಲಾರೆವೆಂದು ಮರಳುವ ವಿಮಾನದಲ್ಲಿ ಹೇಳಿದರು. ಇದು ತಮ್ಮ ಸ್ವಂತ ಅಭಿಪ್ರಾಯ ಎಂದೂ ಸ್ಪಷ್ಟಪಡಿಸಿದರು. ಹೀಗಾಗಿ ಪರವಾಗಿರುವ ಇಂಜಿನಿಯರನೂ ವಿರೋಧಿಸುವ ಮೀನುಗಾರನೂ ಒಂದೇ ಪಂಕ್ತಿಯಲ್ಲಿ ನಿಂತು ಪರಮಪ್ರಸಾದ ಸ್ವೀಕರಿಸಬಹುದು. ಒಬ್ಬರನ್ನೊಬ್ಬರು ದೇಶದ್ರೋಹಿ, ಕೊಲೆಗಡುಕ ಎಂದು ಕರೆಯುವ ಹಕ್ಕು ಮಾತ್ರ ಇಬ್ಬರಿಗೂ ಇಲ್ಲ.

ಬೆಳಕು ಯಾರಿಗೆ, ಭಯ ಯಾರಿಗೆ?

ಆದರೆ ನ್ಯಾಯದ ಒಂದು ಪ್ರಶ್ನೆ ಎರಡೂ ಪಕ್ಷದವರನ್ನು ತಡೆದು ನಿಲ್ಲಿಸುತ್ತದೆ. ಫುಕುಶಿಮಾ ಸ್ಥಾವರ ಟೋಕಿಯೋ ನಗರದ ವಿದ್ಯುತ್ ಕಂಪನಿಯದು. ಅಲ್ಲಿ ಹುಟ್ಟಿದ ವಿದ್ಯುತ್ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ರಾಜಧಾನಿಯ ಕಡೆಗೆ ಹರಿಯುತ್ತಿತ್ತು. ಫುಕುಶಿಮಾದ ಮನೆಗಳಿಗೆ ವಿದ್ಯುತ್ ಕೊಡುತ್ತಿದ್ದುದು ಬೇರೆ ಕಂಪನಿ. ಊರಿಗೆ ಉದ್ಯೋಗ ಬಂದದ್ದು, ಹಣ ಬಂದದ್ದು ನಿಜ. ಆದರೂ ಬೆಳಕು ಒಬ್ಬರಿಗೆ, ಭಯ ಇನ್ನೊಬ್ಬರಿಗೆ ಎಂಬಂತಾಯಿತು.

ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರು ತಿರುನೆಲ್ವೇಲಿ ಜಿಲ್ಲೆಯ ಕಡಲತಡಿಯ ಜನ. ಕೂಡಂಕುಳಂ ಸ್ಥಾವರದ ನೆರೆಯಲ್ಲೇ ಇರುವ ಇಡಿಂತಕರೈ ನಮ್ಮವರೇ ಆದ ಕಥೋಲಿಕ ಮೀನುಗಾರರ ಊರು. 2004ರ ಸುನಾಮಿಯನ್ನು ಕಂಡ ಆ ಕರಾವಳಿಯವರು 2011ರಲ್ಲಿ ಜಪಾನಿನ ಚಿತ್ರಗಳನ್ನು ಟಿವಿಯಲ್ಲಿ ನೋಡಿದರು. ಅಲ್ಲಿಯ ಲೂರ್ದುಮಾತೆಯ ದೇವಾಲಯದ ಅಂಗಳದಲ್ಲಿ ಹೆಂಗಸರು ಮಕ್ಕಳೊಂದಿಗೆ ದಿನಗಟ್ಟಲೆ ಉಪವಾಸ ಕೂತರು. 2013ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹದಿನೈದು ನಿರ್ದೇಶನಗಳೊಡನೆ ಸ್ಥಾವರಕ್ಕೆ ಒಪ್ಪಿಗೆಯಿತ್ತಿತು. ಅದೇ ವರ್ಷ ಅಕ್ಟೋಬರಿನಲ್ಲಿ ವಿದ್ಯುತ್ ಹರಿಯಿತು. ಅವರ ಭಯದಲ್ಲಿ ಎಲ್ಲವೂ ವಿಜ್ಞಾನವಾಗಿತ್ತೆಂದು ಹೇಳಲಾರೆ. ಆದರೆ ಭಯಪಡುವವನನ್ನು ಅಜ್ಞಾನಿ ಎಂದು ಬದಿಗೆ ಸರಿಸಿದರೆ, ಸಂತ ತೋಮಸರು ಹೇಳಿದ ಕಲಿಯುವ ವಿಧೇಯತೆ ಎಲ್ಲಿ ಉಳಿಯಿತು? ಕಡಲನ್ನು ದಿನವೂ ನೋಡುವವನಿಗೆ ಕಡಲಿನ ಬಗ್ಗೆ ಒಂದು ಮಾತು ಗೊತ್ತಿರುತ್ತದೆ.

ಅದೇ 2004ರ ಡಿಸೆಂಬರ್ 26ರಂದು ಕಲ್ಪಾಕ್ಕಂ ಸ್ಥಾವರದ ಪಂಪುಮನೆಗೂ ಕಡಲ ನೀರು ನುಗ್ಗಿತ್ತು. ನಡೆಯುತ್ತಿದ್ದ ರಿಯಾಕ್ಟರನ್ನು ಸುರಕ್ಷಿತವಾಗಿ ನಿಲ್ಲಿಸಲಾಯಿತು. ಪಕ್ಕದ ವಸತಿಯಲ್ಲಿ ಮಾತ್ರ ಜೀವಹಾನಿಯಾಯಿತು. ಯಂತ್ರಕ್ಕೆ ಸಿಕ್ಕ ರಕ್ಷಣೆ ಅದನ್ನು ನಡೆಸುವವರ ಮನೆಗಳಿಗೆ ಸಿಗಲಿಲ್ಲ ಎಂಬುದೂ ಯೋಚಿಸತಕ್ಕ ವಿಷಯ.

ನಮ್ಮ ಕರ್ನಾಟಕದ ಕೈಗಾ ಕಡಲಿನಿಂದ ಒಳಗೆ, ಕಾಳಿ ನದಿಯ ಕಣಿವೆಯಲ್ಲಿದೆ. ಅದನ್ನು ವಿರೋಧಿಸಿ ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ, 1989ರಲ್ಲಿ ಲೋಕಸಭಾ ಚುನಾವಣೆಗೇ ನಿಂತರು. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಪದರದ ಕಾಂಕ್ರೀಟು ಕಳಚಿ ಬಿತ್ತು. ಆಗ ಇಂಧನ ತುಂಬಿರಲಿಲ್ಲ. ವಿನ್ಯಾಸ ತಿದ್ದಿ ಮತ್ತೆ ಕಟ್ಟಿದರು. ಮುಂದೆ ಅಲ್ಲಿಯ ಮೊದಲ ಘಟಕವೇ 2018ರ ಕೊನೆಗೆ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಮಾಡಿತು. ಗುಮ್ಮಟ ಬಿದ್ದದ್ದೂ ನಿಜ, ದಾಖಲೆಯೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಚ್ಚಿಡುವವರ ಮಾತಿಗೆ ಅರ್ಧ ಕಿವಿ ಮಾತ್ರ ಕೊಡಿ. ಈ ವರ್ಷಗಳಲ್ಲಿ ಉತ್ತರ ಕನ್ನಡದ ಮಳೆ, ನೆರೆ, ಗುಡ್ಡಕುಸಿತಗಳು ಹೊಸ ರೀತಿಯಲ್ಲಿ ಮಾತಾಡುತ್ತಿವೆ. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಬಿದ್ದದ್ದನ್ನು ಮರೆತಿಲ್ಲ ತಾನೆ? ಹಿಂದೊಮ್ಮೆ ಮಾಡಿದ ಸುರಕ್ಷತೆಯ ಲೆಕ್ಕವನ್ನು ಇಂದಿನ ಮಳೆಯ ಮುಂದಿಟ್ಟು ಮತ್ತೆ ಮತ್ತೆ ಪರೀಕ್ಷಿಸಿರೆಂದು ಕೇಳುವುದು ಪ್ರಗತಿಗೆ ವಿರೋಧವಲ್ಲ, ನೆರೆಯವನ ಮೇಲಿನ ಪ್ರೀತಿ.

ನಾವೇನು ಮಾಡಬಹುದು?

ಅಣುಸ್ಥಾವರದ ಗೋಡೆಯ ಎತ್ತರ ನಿರ್ಧರಿಸುವವರು ನಾವಲ್ಲ ಎಂದು ಕೈತೊಳೆದುಕೊಳ್ಳುವುದು ಸುಲಭ. ಪಿಲಾತನೂ ಕೈ ತೊಳೆದಿದ್ದ. ಯಾವುದೇ ದೊಡ್ಡ ಯೋಜನೆ ನಮ್ಮ ಊರಿಗಾಗಲಿ ಪಕ್ಕದ ಊರಿಗಾಗಲಿ ಬಂದಾಗ ಮೂರು ಪ್ರಶ್ನೆಗಳನ್ನು ಶಾಂತವಾಗಿ, ಬಿಡದೆ ಕೇಳೋಣ. ಇಲ್ಲಿ ಹಿಂದೆ ಏನಾಗಿತ್ತು? ಕೆಟ್ಟದ್ದು ಸಂಭವಿಸಿದರೆ ಮೊದಲು ಯಾರು ನೀರುಪಾಲಾಗುತ್ತಾರೆ, ಅವರನ್ನು ಕೇಳಿದ್ದೀರಾ? ಎಚ್ಚರಿಕೆಯ ಮಾತು ಹೇಳಿದ ಇಂಜಿನಿಯರ್ ಇನ್ನೂ ಕೆಲಸದಲ್ಲಿದ್ದಾನೆಯೇ, ಇಲ್ಲವೇ ವರ್ಗವಾಗಿ ಹೋದನೇ? ಉತ್ತರ ಸರಿಯಾಗಿದ್ದರೆ ಒಪ್ಪೋಣ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಲ್ಲೋಣ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಇಂಜಿನಿಯರುಗಳಾಗುತ್ತಿದ್ದಾರೆ. ಅವರಿಗೆ ಒಳ್ಳೆಯ ಸಂಬಳ ಸಿಗಲೆಂದು ಪ್ರಾರ್ಥಿಸುವ ತಾಯ್ತಂದೆಯರೇ, ಖರ್ಚು ಹೆಚ್ಚಾಯಿತು ಎಂದು ಮೇಲಿನವರು ಗದರಿದಾಗಲೂ ಗೋಡೆಯ ಎತ್ತರ ಇಳಿಸದ ಧೈರ್ಯ ಸಿಗಲೆಂದೂ ಪ್ರಾರ್ಥಿಸಿರಿ.

ಇದೇ ಪಾಠ ಮನೆಯಿಂದ ಶುರುವಾಗಬೇಕು. ಮಾಳಿಗೆಗೆ ಕಟ್ಟದ ಗೋಡೆ, ಮುಚ್ಚದ ಬಾವಿ, ಗುಡ್ಡ ಕಡಿದು ತಡೆಗೋಡೆಯಿಲ್ಲದೆ ಎಬ್ಬಿಸಿದ ಮನೆ, ಕೂಲಿಯವನನ್ನು ಹಗ್ಗವಿಲ್ಲದೆ ಹತ್ತಿಸಿದ ತೆಂಗಿನಮರ. ಇವುಗಳಲ್ಲಿ ಒಂದಲ್ಲ ಒಂದು ನಮ್ಮ ಹಿತ್ತಿಲಲ್ಲೇ ಇರಬಹುದು. "ಇಷ್ಟು ದಿನ ಏನೂ ಆಗಿಲ್ಲವಲ್ಲ" ಎಂದು ಹೇಳಿಕೊಳ್ಳುವಾಗ ನೆನಪಿಡಿ: ಫುಕುಶಿಮಾದಲ್ಲಿಯೂ ನಲವತ್ತು ವರ್ಷ ಏನೂ ಆಗಿರಲಿಲ್ಲ.

ಅಲೆಯನ್ನು ತಡೆಯುವ ಶಕ್ತಿ ನಮಗೆ ಕೊಟ್ಟಿಲ್ಲ. ಅದು ಬರುವ ದಿನವೂ ಗಳಿಗೆಯೂ ನಮಗೆ ತಿಳಿಯದು. ಗೋಡೆ ಎಷ್ಟು ಎತ್ತರವಿರಬೇಕು ಎಂಬುದನ್ನು ಮಾತ್ರ ನಮ್ಮ ಬುದ್ಧಿಗೂ ಮನಸ್ಸಾಕ್ಷಿಗೂ ಬಿಟ್ಟುಕೊಡಲಾಗಿದೆ. ನಾಳೆ ದೇವರು ನಮ್ಮಿಂದ ಲೆಕ್ಕ ಕೇಳುವುದು ಅಲೆಯದಲ್ಲ, ಗೋಡೆಯದು.